ಲೇಬಲ್ ಇಲ್ಲದೆ ಬಂದವರು

ಜನವರಿ ೯

ಸೂಜಿಗೆ,

ನಿಮ್ಮಮ್ಮನ ತೀರ್ಪಿನ ಪ್ರಕಾರ ಫೋನು ಕೆಳಗಿಟ್ಟು ಪೆನ್ನು ಹಿಡಿದಿದ್ದೇನೆ. "ಅಪ್ಪ ಮಗಳು ಫೋನಲ್ಲಿ ಮಾತಾಡೋಕೆ ಶುರು ಮಾಡಿದ್ರೆ ಎದುರುಮನೆಯವರು ಕಿಟಕಿ ತೆಗೀತಾರೆ. ಇನ್ಮೇಲೆ ಆ ವೆಬ್‌ಸೈಟ್ ಪಂಚಾಯ್ತಿ ಏನಿದ್ರೂ ಕಾಗದದಲ್ಲೇ ಇರ್ಲಿ" ಎಂದಿದ್ದಾಳೆ. ಕಾಗದದಲ್ಲಿ ಕೂಗಾಡಲು ಬರುವುದಿಲ್ಲ ಎಂದು ಅವಳ ಎಣಿಕೆ. ದಪ್ಪ ಅಕ್ಷರದಲ್ಲಿ ಬರೆದರೆ ಬರುತ್ತದೆ ಎಂದು ಪಾಪ ಅವಳಿಗೆ ಗೊತ್ತಿಲ್ಲ.

ವಿಷಯಕ್ಕೆ ಬರುತ್ತೇನೆ. ಆ ದೊಡ್ಡ ಆನ್‌ಲೈನ್ ಅಂಗಡಿಯವರಿಂದ ಒಂದು ಮೇಲ್ ಬಂದಿದೆ. 'ನಿಮ್ಮ ಹಳೆಯ ಲಿಂಕ್‌ಗಳನ್ನು ಹೊಸ ಮಾದರಿಗೆ ಬದಲಾಯಿಸಿಕೊಳ್ಳಿ, ನಿಮಗೇ ಅನುಕೂಲ' ಎಂದು ಬರೆದಿದ್ದಾರೆ. ನಿಮಗೇ ಅನುಕೂಲ ಎಂದುಕೊಂಡು ಬಾಗಿಲಿಗೆ ಬಂದವರು ಯಾರೂ ಇದುವರೆಗೆ ನನಗೆ ಅನುಕೂಲ ಮಾಡಿಕೊಟ್ಟದ್ದಿಲ್ಲ. ಜೊತೆಗೆ 'ದಯವಿಟ್ಟು', 'ಗೌರವಾನ್ವಿತರೇ' ಎಂದೆಲ್ಲ ಇದೆ. ಅತಿ ವಿನಯಂ ಧೂರ್ತ ಲಕ್ಷಣಂ.

ನನಗೆ ತಿಳಿದಿರುವುದು ಇಷ್ಟು, ಸರಿಯಿದೆಯೋ ನೋಡು. ನಾನು ಹೊಲಿಗೆ ಮಿಷನ್ ರಿಪೇರಿಯವನು. ಯಾವ ಮಿಷನ್ ಬಾಳಿಕೆ ಬರುತ್ತದೆ, ಯಾವುದು ಬರೀ ಬಣ್ಣ ಬಳಿದ ಡಬ್ಬ ಎಂದು ಬರೆದು ಕಳಿಸುತ್ತೇನೆ. ನೀನು ಅದನ್ನು ನಮ್ಮ ವೆಬ್‌ಸೈಟಿಗೆ ಹಾಕಿ ಕೆಳಗೊಂದು ಲಿಂಕ್ ಅಂಟಿಸುತ್ತೀಯ. ಓದಿದವರು ಅದನ್ನು ಒತ್ತಿ ಆ ಅಂಗಡಿಗೆ ಹೋಗಿ ಮಿಷನ್ ಕೊಂಡರೆ, ಕಳಿಸಿಕೊಟ್ಟದ್ದಕ್ಕೆ ನಮಗೊಂದು ಕಮಿಷನ್. ಲಿಂಕಿನ ಬಾಲದಲ್ಲಿ ನಮ್ಮ ಕೋಡ್ ಇರುವುದರಿಂದ ಇವರು ನಮ್ಮ ಕಡೆಯವರೆಂದು ಅವರಿಗೆ ತಿಳಿಯುತ್ತದೆ. ಇಷ್ಟು ಕಾಲ ಇದು ನಡೆದುಕೊಂಡು ಬಂದಿದೆ. ಈಗೀಗ ರಿಪೇರಿಗೆ ಬರುವವರು ಕಡಿಮೆ. ನನ್ನ ಅಂಗಡಿಯ ಬಾಗಿಲು ತೆರೆದಿರುವುದೇ ಇದರಿಂದ. ಚೆನ್ನಾಗಿ ಓಡುತ್ತಿರುವ ಮಿಷನ್ನನ್ನು ಯಾಕೆ ಬಿಚ್ಚಬೇಕು?

ಇದರಲ್ಲಿ ಏನೋ ಮಸಲತ್ತಿದೆ. ಪತ್ತೆ ಮಾಡಿ ಬರೆ.

ಕಣ್ಣು ಬಿಟ್ಟುಕೊಂಡೇ ಇರುವ
ಅಪ್ಪ

ಜನವರಿ ೧೮

ಅಪ್ಪ,

ನಿನ್ನ ದಪ್ಪ ಅಕ್ಷರಗಳೆಲ್ಲ ಚೆನ್ನಾಗಿ ಕೇಳಿಸಿದವು. ನಿಮ್ಮ ಅಳಿಯ ಪಕ್ಕದ ಕೋಣೆಯಿಂದ "ಮಾವ ಬಂದ್ರಾ?" ಎಂದು ಕೇಳಿದರು.

ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣ ಮುಂದೆ ಗಾಜು ಬದಲಾಯಿಸುತ್ತ "ಇದ್ರಲ್ಲಿ ಚೆನ್ನಾಗಿ ಕಾಣುತ್ತಾ, ಅದ್ರಲ್ಲಾ?" ಎಂದು ಕೇಳುವುದು ದಿನವಿಡೀ ನನ್ನ ಕೆಲಸ. ನಿನಗೆ ಮಾತ್ರ ಯಾವ ಗಾಜು ಹಾಕಿದರೂ ಮೋಸವೇ ಕಾಣುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಮಸಲತ್ತು ಏನೂ ಇಲ್ಲ. ಹಳೆಯ ಲಿಂಕಿನಲ್ಲಿ ನಮ್ಮ ಕೋಡ್ ಮಾತ್ರ ಇತ್ತು. ಬಂದವರೆಲ್ಲ ಒಂದೇ ಬಾಗಿಲಿನಿಂದ ಬಂದ ಹಾಗೆ. ಯಾರು ಯಾವ ಪುಟ ಓದಿ ಬಂದರೆಂದು ತಿಳಿಯುತ್ತಿರಲಿಲ್ಲ. ಹೊಸ ಮಾದರಿಯಲ್ಲಿ ಕೋಡಿನ ಪಕ್ಕ ನಮಗೆ ಬೇಕಾದ ಒಂದು ಪದ ಸೇರಿಸಬಹುದು. ಅದಕ್ಕೆ ಲೇಬಲ್ ಎನ್ನುತ್ತಾರೆ. ಸೂಜಿಯ ಪುಟದ ಲಿಂಕಿಗೆ 'ಸೂಜಿ', ಎಣ್ಣೆಯ ಪುಟದ್ದಕ್ಕೆ 'ಎಣ್ಣೆ'. ಎಷ್ಟು ಜನ ಯಾವ ಲೇಬಲ್ಲಿನಿಂದ ಬಂದರೆಂದು ವಾರವಾರ ವರದಿ ಬರುತ್ತದೆ. ಅಂಗಡಿಯ ಯಾವ ಪುಟಕ್ಕೆ ಬೇಕಾದರೂ ಲಿಂಕ್ ಮಾಡಬಹುದು. ಮೊದಲಿನ ಹಾಗೆ ಒಂದೇ ಮಿಷನ್ನಿಗೆ ಜೋತುಬೀಳಬೇಕಿಲ್ಲ.

ನೀನು ರಿಪೇರಿ ಮಾಡಿದ ಮಿಷನ್ನಿನ ತಿರುಪಿಗೆ ಅಮ್ಮನ ಉಗುರುಬಣ್ಣದ ಚುಕ್ಕೆ ಇಡುತ್ತೀಯಲ್ಲ, ಬೇರೆ ಯಾರಾದರೂ ಬಿಚ್ಚಿದರೆ ಗೊತ್ತಾಗಲಿ ಎಂದು? ಹೆಚ್ಚುಕಡಿಮೆ ಅದೇ ಇದು. ನಿನಗೆ ಹಿಡಿಸಬೇಕು.

ರಜೆಯಲ್ಲಿ ಕೂತು ನಮ್ಮ ಪುಟಗಳ ಲಿಂಕ್‌ಗಳನ್ನೆಲ್ಲ ಬದಲಾಯಿಸುತ್ತೇನೆ. ಒಂದೇ ಮಾತು. ಸೆಟ್ಟಿಂಗ್ಸಿನಲ್ಲಿ 'ಹಳೆಯ ಲಿಂಕ್‌ಗಳನ್ನೂ ಸ್ವೀಕರಿಸಿ' ಎಂಬಲ್ಲಿ ಒಂದು ಟಿಕ್ ಇದೆ. ಅದನ್ನು ಮುಟ್ಟಬೇಡ. ಒಮ್ಮೆ ತೆಗೆದರೆ ಮತ್ತೆ ಹಾಕಲು ಬರುವುದಿಲ್ಲ. ಇದ್ದರೆ ನಷ್ಟವೇನೂ ಇಲ್ಲ.

ಸೂಜಿ

ಫೆಬ್ರವರಿ ೨

ಸೂಜಿಗೆ,

ಒಪ್ಪಿಕೊಳ್ಳುತ್ತೇನೆ, ಹಿಡಿಸಿತು. ಇಂಥದ್ದೊಂದು ಇದೆಯೆಂದು ಮೊದಲೇ ಯಾಕೆ ಹೇಳಲಿಲ್ಲ? ವರದಿ ಬಂದ ದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಓದಿದೆ. ಹಳೆಯ ಮಿಷನ್ ಕೊಳ್ಳುವಾಗ ಮೋಸ ಹೋಗದಿರುವುದು ಹೇಗೆಂಬ ನನ್ನ ಬರಹದಿಂದಲೇ ಜನ ಹೆಚ್ಚು ಹೋಗಿದ್ದಾರೆ. ಜನಕ್ಕೂ ಅನುಮಾನವಿದೆ ಎಂದಾಯಿತು. ನಾನೊಬ್ಬನೇ ಅಲ್ಲ.

ಆದರೆ ಎಲ್ಲದರ ಕೊನೆಯಲ್ಲಿ 'ಲೇಬಲ್ ಇಲ್ಲದ್ದು' ಎಂದು ಒಂದು ಸಾಲಿದೆ. ಅದರ ಮುಂದಿನ ಸಂಖ್ಯೆ ಸಣ್ಣದೇನಲ್ಲ. ನಮ್ಮ ಪುಟಗಳ ಲಿಂಕ್‌ಗಳನ್ನೆಲ್ಲ ಬದಲಾಯಿಸುತ್ತೇನೆ ಎಂದು ನೀನು ಬರೆದಿದ್ದೆ, ಬದಲಾಯಿಸಿಯೂ ಇದ್ದೀಯ. ಹಾಗಾದರೆ ಇವರು ಯಾರು? ಯಾವ ಬಾಗಿಲಿನಿಂದ ಬಂದರು? ಹೋಗಿ ಸುಮ್ಮನೆ ನೋಡಿ ಬರುವವರೂ ಅಲ್ಲ. ಹೋದವರೆಲ್ಲ ಮಿಷನ್ ಕೊಂಡಿದ್ದಾರೆ. ಅದೂ ನಾನು ಒಳ್ಳೆಯದೆಂದು ಬರೆದ ಕಪ್ಪು ಮಿಷನ್ನನ್ನೇ.

ಯಾರೋ ನಮ್ಮ ಕೋಡ್ ಇಟ್ಟುಕೊಂಡು ಆಟವಾಡುತ್ತಿದ್ದಾರೆ. ಹಿತ್ತಲ ಬಾಗಿಲು ತೆರೆದಿದೆ ಎಂದಮೇಲೆ ನನಗೆ ನಿದ್ದೆ ಹತ್ತುವುದಿಲ್ಲ. ಕೂಡಲೇ ಬರೆ.

ಅಪ್ಪ

ಅಮ್ಮನ ಸಾಲು: ನಿನ್ನ ಅಪ್ಪನಿಗೆ ನಿದ್ದೆ ಚೆನ್ನಾಗಿಯೇ ಹತ್ತುತ್ತಿದೆ, ಗೊರಕೆ ಕೇಳುವವಳು ನಾನು. ತಿರುಪಿನ ವಿಷಯ ಎತ್ತಿದ್ದು ಒಳ್ಳೆಯದಾಯಿತು. ನನ್ನ ಉಗುರುಬಣ್ಣವನ್ನು ನಾನು ಹಚ್ಚಿಕೊಂಡದ್ದಕ್ಕಿಂತ ಈ ಮಿಷನ್ನುಗಳು ಹಚ್ಚಿಕೊಂಡದ್ದೇ ಹೆಚ್ಚು.

ಫೆಬ್ರವರಿ ೧೧

ಅಪ್ಪ,

ಕೆಲಸ ಜಾಸ್ತಿ, ಹಾಗಾಗಿ ಚಿಕ್ಕದಾಗಿ ಬರೆಯುತ್ತೇನೆ.

ನಮ್ಮ ಹಳೆಯ ಲಿಂಕನ್ನು ಯಾರೋ ಎಲ್ಲೋ ಬರೆದಿಟ್ಟುಕೊಂಡಿರಬೇಕು. ಇಷ್ಟು ಕಾಲ ಓಡಾಡಿದ ಲಿಂಕ್, ಎಲ್ಲೆಲ್ಲಿ ಉಳಿದಿದೆಯೋ. ಅಲ್ಲಿಂದ ಬಂದವರ ಕಮಿಷನ್ನೂ ನಮ್ಮ ಖಾತೆಗೇ ಬೀಳುತ್ತಿದೆ. ಕಳ್ಳ ಯಾವಾಗಲಾದರೂ ಮನೆಗೆ ತಂದಿಟ್ಟು ಹೋಗುತ್ತಾನಾ? ಅದನ್ನು ಅದರ ಪಾಡಿಗೆ ಬಿಟ್ಟುಬಿಡು.

ಎಣ್ಣೆಯ ಬಗ್ಗೆ ಹೊಸದಾಗಿ ಬರೆಯುತ್ತೇನೆಂದಿದ್ದೆಯಲ್ಲ, ಕಳಿಸು.

ಸೂಜಿ

ಫೆಬ್ರವರಿ ೨೦

ಸೂಜಿಗೆ,

ಹಕ್ಕಿ ಹಿಡಿಯುವವನೂ ಮೊದಲು ಕಾಳನ್ನೇ ಹಾಕುತ್ತಾನೆ. ತಂದಿಡುವ ಕಳ್ಳನೇ ದೊಡ್ಡ ಕಳ್ಳ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೇಜಿನ ಮೇಲೆ ಪೆನ್ಸಿಲ್ ಓರೆಯಾಗಿದ್ದರೂ ನೆಟ್ಟಗಿಡುವವಳು ನೀನು. ಯಾರೋ ಎಲ್ಲೋ ಎಂದು ತೇಲಿಸಿ ಬರೆಯುವ ಜಾಯಮಾನ ನಿನ್ನದಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಯಾಕೆ ಇಷ್ಟು ಉದಾಸೀನ?

ಇರಲಿ. ನೀನು ಹುಡುಕದಿದ್ದರೆ ನಾನೇ ಹುಡುಕುತ್ತೇನೆ. ನೀನು ಹೇಳಿಕೊಟ್ಟ ಹಾಗೆಯೇ ಹೊಸ ಲಿಂಕ್‌ಗಳನ್ನು ಮಾಡಿದ್ದೇನೆ. ಒಂದಕ್ಕೆ 'ಭಾವಮೈದ' ಎಂದು ಲೇಬಲ್ ಹಾಕಿ ನಿನ್ನ ಸೋದರಮಾವನಿಗೆ ಕಳಿಸಿದೆ. ಒಂದಕ್ಕೆ 'ಬಾಡಿಗೆ' ಎಂದು ಹಾಕಿ ಮಹಡಿಯ ಮನೆಯವರಿಗೆ. ಇನ್ನೊಂದಕ್ಕೆ 'ಅಳಿಯ'. ಯಾರಿಗೆ ಯಾವ ಲೇಬಲ್ ಎಂದು ಅವರಿಗೆ ಗೊತ್ತಿಲ್ಲ. ಯಾರ ಹತ್ತಿರ ಹಳೆಯ ಲಿಂಕ್ ಇದೆಯೋ ಅವರು ಹೊಸದನ್ನು ಮುಟ್ಟುವುದಿಲ್ಲ. ನಿನ್ನ ಮಾವ ಒತ್ತಿದ, ಮಹಡಿಯವರೂ ಒತ್ತಿದರು. ಅಳಿಯಂದಿರು ಇದುವರೆಗೆ ಮುಟ್ಟಿಲ್ಲ. ನಾನೇನೂ ಹೇಳುತ್ತಿಲ್ಲ. ಕಂಡದ್ದನ್ನು ಬರೆದೆ, ಅಷ್ಟೆ.

ಇನ್ನೊಬ್ಬನಿದ್ದಾನೆ, ನನ್ನ ಅಂಗಡಿಯಲ್ಲಿ ಕೆಲಸಕ್ಕಿದ್ದ ಬಾಬಿನ್. ಆ ಹೆಸರೆತ್ತಿದರೆ ನಿನಗೆ ಸಿಟ್ಟು ಬರುತ್ತದೆ, ಚಿಕ್ಕಪ್ಪ ಚಿಕ್ಕಪ್ಪ ಎಂದು ಅವನ ಹೆಗಲ ಮೇಲೆ ಬೆಳೆದವಳು. ಆದರೆ ವೆಬ್‌ಸೈಟ್ ಶುರು ಮಾಡಿದ ದಿನ ನಮ್ಮ ಜೊತೆಯಲ್ಲಿ ಕೂತಿದ್ದವನು ಅವನೇ. ಮೊದಲ ಲಿಂಕನ್ನು ಅಂಗಡಿಯ ಗೋಡೆಯ ಮೇಲೆ ಬರೆದವನೂ ಅವನೇ. ನಾನು ಕೆಲಸ ಕಲಿಸಿದೆ, ಪಕ್ಕದಲ್ಲಿ ಕೂರಿಸಿಕೊಂಡೆ. ಕೊನೆಗೆ ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ಆಚೆ ಬೀದಿಯ ಅಂಗಡಿಗೆ ಹೋಗತೊಡಗಿದರು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ನಾನು ಅವನಿಗೆ ಒಂದು ಮಾತೂ ಆಡಲಿಲ್ಲ. ಬಿಡಿಭಾಗಗಳ ಬೀರುವಿಗೆ ಬೇರೆ ಬೀಗ ಹಾಕಿದೆ, ಅಷ್ಟೆ. ಬೆಳಿಗ್ಗೆ ಬಂದು ತನ್ನ ಬೀಗದಕೈ ತಿರುಗಿಸಿ ನೋಡಿದ. ತೆರೆಯಲಿಲ್ಲ. ಬೀಗದಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದ. ತಪ್ಪಿಲ್ಲದವನಾದರೆ ಯಾಕೆಂದು ಕೇಳುತ್ತಿರಲಿಲ್ಲವೇ?

ಆ ಟಿಕ್ ತೆಗೆದುಬಿಡು.

ಅಪ್ಪ

ಅಮ್ಮನ ಸಾಲು: ಆ ಗಿರಾಕಿಗಳು ಆಚೆ ಬೀದಿಗೆ ಹೋದದ್ದು ಬಾಬಿನ್ನನಿಂದಲ್ಲ. ಎಣ್ಣೆ ಹಾಕಲು ಬಾರದಿದ್ದರೆ ಮಿಷನ್ ಯಾಕೆ ಕೊಂಡಿರಿ ಎಂದು ಇವರು ಬೈದದ್ದಕ್ಕೆ. ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ.

ಮಾರ್ಚ್ ೩

ಅಪ್ಪ,

ನಿಮ್ಮ ಅಳಿಯ ದಂತವೈದ್ಯರ ಹತ್ತಿರ ಕಟ್ಟುಹಲ್ಲು ಮಾಡುವವರು. ಹೊಲಿಗೆ ಮಿಷನ್ ಅವರಿಗೆ ಯಾಕೆ ಬೇಕು? ಲಿಂಕ್ ಬಂದಾಗ "ಮಾವ ನಂಗ್ಯಾಕೆ ಮಿಷನ್ ಕಳ್ಸಿದ್ದಾರೆ, ಬಟ್ಟೆ ನಾನೇ ಹೊಲ್ಕೋಬೇಕಾ?" ಎಂದು ನಕ್ಕರು. ನಾನೂ ನಕ್ಕೆ. ನಿನ್ನ ಕಾಗದ ಬಂದಮೇಲೆ ಅದು ಬಲೆ ಎಂದು ಗೊತ್ತಾಯಿತು. ಅವರಿಗೆ ಹೇಳಲಿಲ್ಲ, ನಾಚಿಕೆಯಾಯಿತು.

ಲೇಬಲ್ ಇರುವುದು ಯಾವ ಬರಹ ಜನಕ್ಕೆ ಉಪಯೋಗವಾಯಿತೆಂದು ತಿಳಿಯಲಿಕ್ಕೆ. ಮನೆಯವರ ಬೆನ್ನಿಗೆ ಅಂಟಿಸಲಿಕ್ಕಲ್ಲ.

ಟಿಕ್ ನಾನು ತೆಗೆಯುವುದಿಲ್ಲ, ನೀನೂ ತೆಗೆಯಬೇಡ. ಕಾರಣ ಕೇಳಬೇಡ. ನನ್ನ ಮೇಲೆ ನಂಬಿಕೆಯಿಟ್ಟು ಇದೊಂದನ್ನು ಬಿಟ್ಟುಬಿಡು. ಇಲಿ ಇದೆಯೆಂದು ಮನೆಗೇ ಬೆಂಕಿ ಹಚ್ಚಬೇಡ. ನನ್ನ ಮೇಲೇ ಅನುಮಾನವಿದ್ದರೆ ನೇರವಾಗಿ ಹೇಳು. ವೆಬ್‌ಸೈಟಿನ ಪಾಸ್‌ವರ್ಡ್‌ಗಳನ್ನೆಲ್ಲ ಬರೆದು ಕಳಿಸಿ ಕೈತೊಳೆದುಕೊಳ್ಳುತ್ತೇನೆ. ಆಮೇಲೆ ನಮ್ಮಿಬ್ಬರ ನಡುವೆ ಮಾತನಾಡಲು ಏನು ಉಳಿಯುತ್ತದೆಯೋ ನನಗೆ ಗೊತ್ತಿಲ್ಲ. ಜಗಳವಾಡಲಿಕ್ಕಾದರೂ ಇದೊಂದಿತ್ತು.

ಸೂಜಿ

ಮಾರ್ಚ್ ೧೨

ಮಗಳಿಗೆ,

ನಾನು ಹೆದರಿದ್ದೇ ಆಯಿತು. 'ನಿಮ್ಮ ಲಿಂಕ್‌ಗಳನ್ನು ಅಸಹಜವಾಗಿ ಪದೇಪದೇ ಒತ್ತಲಾಗುತ್ತಿದೆ, ಮುಂದುವರಿದರೆ ನಿಮ್ಮ ಖಾತೆಯನ್ನು ಮುಚ್ಚಲಾಗುವುದು' ಎಂದು ಅಂಗಡಿಯವರಿಂದ ಎಚ್ಚರಿಕೆ ಬಂದಿದೆ. ಈ ಸಲ 'ಗೌರವಾನ್ವಿತರೇ' ಇಲ್ಲ.

ಹೇಳಿದ್ದೆನೋ ಇಲ್ಲವೋ? ಆ ಲೇಬಲ್ ಇಲ್ಲದವನು ಹೊಂಚು ಹಾಕಿ ಕೂತಿದ್ದ, ಈಗ ಕಚ್ಚಿದ. ಖಾತೆ ಮುಚ್ಚಿದರೆ ವೆಬ್‌ಸೈಟೂ ಇಲ್ಲ, ಅಂಗಡಿಯೂ ಇಲ್ಲ. ನಿನ್ನ ದಾರಿ ಕಾಯುತ್ತ ಕೂರಲು ಆಗಲಿಲ್ಲ. ನಿಮ್ಮಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪರದೆಯ ಮೇಲಿದ್ದದ್ದನ್ನು ಅವಳಿಂದ ಓದಿಸಿ, ಟಿಕ್ ತೆಗೆದೆ. 'ಖಚಿತವೇ?' ಎಂದು ಕೇಳಿತು. ಖಚಿತ ಎಂದು ಒತ್ತಿದೆ. ನಿಮ್ಮಮ್ಮ "ಮಗಳು ಬೇಡ ಅಂದಿದ್ಲಲ್ಲ" ಎಂದಳು. ಒತ್ತಿಯಾಗಿತ್ತು.

ಈಗ ನೇರವಾಗಿ ಹೇಳುತ್ತೇನೆ, ನೀನೇ ಹೇಳು ಎಂದಿದ್ದೆ. ಅವನು ಯಾರೆಂದು ನಿನಗೆ ಗೊತ್ತು. ಗೊತ್ತಿದ್ದೂ ನನ್ನಿಂದ ಮುಚ್ಚಿಟ್ಟಿದ್ದೀಯ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಅಪ್ಪ

ಏಪ್ರಿಲ್ ೪

ಸೂಜಿ ಕಂದ,

ಇದು ಅಮ್ಮ ಬರೆಯುತ್ತಿರುವುದು, ಸಾಲಲ್ಲ, ಪೂರ್ತಿ ಕಾಗದ. ನೀನು ಬರೆಯುವುದನ್ನು ನಿಲ್ಲಿಸಿದ್ದೀಯ. ಫೋನು ಮಾಡಿದರೆ ಅಳಿಯಂದಿರು ಎತ್ತಿ "ಅವ್ಳು ಸ್ನಾನಕ್ಕೆ ಹೋಗಿದ್ದಾಳೆ ಅತ್ತೆ" ಎನ್ನುತ್ತಾರೆ. ಯಾವಾಗ ಮಾಡಿದರೂ ಸ್ನಾನ. ನನ್ನ ಮಗಳು ಇಷ್ಟು ಮಡಿ ಯಾವಾಗಿನಿಂದ ಆದಳೋ.

ಇಲ್ಲಿ ವರದಿ ಬರುತ್ತದೆ. ಲೇಬಲ್ ಇಲ್ಲದ ಸಾಲಿನ ಮುಂದೆ ಈಗ ಸೊನ್ನೆ. ನಿನ್ನ ಅಪ್ಪ ಆ ಸೊನ್ನೆಯನ್ನು ನೋಡುತ್ತ ಕೂರುತ್ತಾರೆ. ಗೆದ್ದವರ ಮುಖ ಹಾಗಿರುವುದಿಲ್ಲ.

ನಿನಗೆ ಗೊತ್ತಿರುವುದನ್ನು ಬರೆದುಬಿಡು. ಎಷ್ಟು ಕಹಿಯಾಗಿದ್ದರೂ ಬರೆ. ಇವರು ಅನುಮಾನಪಟ್ಟು ಒಬ್ಬೊಬ್ಬರನ್ನೇ ದೂರ ಮಾಡಿಕೊಂಡು ಈಗ ನಿನ್ನವರೆಗೆ ಬಂದಿದ್ದಾರೆ. ನಿನ್ನ ನಂತರ ಉಳಿಯುವವಳು ನಾನೊಬ್ಬಳೇ, ನನಗೂ ವಯಸ್ಸಾಯಿತು.

ಅಮ್ಮ

ಏಪ್ರಿಲ್ ೧೫

ಅಪ್ಪ,

ಹೌದು, ನನಗೆ ಗೊತ್ತಿತ್ತು.

ಮೊದಲು ಆ ಎಚ್ಚರಿಕೆಯ ವಿಷಯ. ನಾನು ಅಂಗಡಿಯವರಿಗೆ ಬರೆದು ವಿಚಾರಿಸಿದೆ. ಅಸಹಜವಾಗಿ ಒತ್ತಿದ್ದು ಯಾವ ಲಿಂಕನ್ನು ಗೊತ್ತೇ? 'ಅಳಿಯ' ಎಂಬ ಲೇಬಲ್ಲಿನದನ್ನು. ಒತ್ತಿದ್ದು ನಿನ್ನ ಫೋನಿನಿಂದ. ಅವರು ಮುಟ್ಟಲಿಲ್ಲವೆಂದು, ಲಿಂಕ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಆಮೇಲೆ ನೀನೇ ದಿನಾ ಒತ್ತಿ ಒತ್ತಿ ನೋಡಿದ್ದೀಯ. ತಮ್ಮ ಲಿಂಕನ್ನು ತಾವೇ ಒತ್ತಬಾರದೆಂದು ನಿಯಮವಿದೆ. ವಯಸ್ಸಾದವರು, ಗೊತ್ತಾಗಲಿಲ್ಲ ಎಂದು ಕ್ಷಮೆ ಕೇಳಿದ್ದೇನೆ, ಬಿಟ್ಟಿದ್ದಾರೆ.

ಇನ್ನು ಲೇಬಲ್ ಇಲ್ಲದವರು. ಅವರನ್ನು ಕಳಿಸುತ್ತಿದ್ದದ್ದು ಬಾಬಿನ್ ಚಿಕ್ಕಪ್ಪ.

ಹೋದ ವರ್ಷ ಕನ್ನಡಕಕ್ಕೆಂದು ನಮ್ಮ ಅಂಗಡಿಗೆ ಬಂದಿದ್ದರು. ನಾನೇ ಕಣ್ಣು ನೋಡಿದೆ. ಸಣ್ಣ ಅಕ್ಷರ ಓದಲು ಕಷ್ಟಪಡುತ್ತಿದ್ದರು. ಈಗ ಇಲ್ಲೇ ಹತ್ತಿರದಲ್ಲಿ, ಹೊಲಿಗೆ ಕಲಿಸುವ ಒಂದು ಶಾಲೆಯಲ್ಲಿ ಮಿಷನ್ ನೋಡಿಕೊಂಡು ಪಾಠವನ್ನೂ ಹೇಳುತ್ತಾರಂತೆ. ಕಲಿತು ಮುಗಿಸಿದವರು ಸ್ವಂತ ಮಿಷನ್ ಕೊಳ್ಳುತ್ತಾರೆ. "ಯಾವ್ದು ತಗೊಳ್ಳಲಿ ಮಾಸ್ಟ್ರೇ" ಎಂದವರಿಗೆಲ್ಲ ನಮ್ಮ ಹಳೆಯ ಲಿಂಕನ್ನು ಹಲಗೆಯ ಮೇಲೆ ಬರೆದುಕೊಡುತ್ತಿದ್ದರು. "ನಿಮ್ಮದೇ ಒಂದು ಲಿಂಕ್ ಮಾಡ್ಕೋಬಹುದಲ್ಲ ಚಿಕ್ಕಪ್ಪ, ಕಮಿಷನ್ ನಿಮಗೇ ಬರುತ್ತೆ" ಎಂದೆ. "ಯಾವ ಮಿಷನ್ ಒಳ್ಳೇದು ಅಂತ ನಂಗೆ ಕಲಿಸಿದ್ದು ಯಾರು? ಅಣ್ಣ ತಾನೇ" ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ನಿಮ್ಮಪ್ಪಂಗೆ ಹೇಳ್ಬೇಡಮ್ಮ. ನನ್ನ ಕಡೆಯಿಂದ ಅಂತ ಗೊತ್ತಾದ್ರೆ ಅವ್ರು ಮುಟ್ಟೋದಿಲ್ಲ. ಹೆಸರಿಲ್ದೆ ಹೋಗ್ಲಿ" ಎಂದರು.

ಹಳೆಯ ಲಿಂಕಿನಲ್ಲಿ ಹೆಸರಿಲ್ಲದೆ ಹೋಗಲು ಜಾಗವಿತ್ತು ಅಪ್ಪ. ಹೊಸದು ಬಂದಾಗ ಇದು ಬೆಳಕಿಗೆ ಬರುತ್ತದೆಂದು ನನಗೆ ದಿಗಿಲಾಯಿತು. ಅದಕ್ಕೇ ಆ ಟಿಕ್ ಮುಟ್ಟಬೇಡ ಎಂದು ಬೇಡಿಕೊಂಡೆ. ಕೊಟ್ಟ ಮಾತಿಗೆ ಕಟ್ಟುಬಿದ್ದು ನಿನಗೆ ಸುಳ್ಳು ಹೇಳಿದೆ. ಅದಕ್ಕೆ ನೀನು ಬೈಯಬಹುದು.

ನೀನು ಟಿಕ್ ತೆಗೆದ ಮೇಲೆ ಅವರು ಮತ್ತೆ ಅಂಗಡಿಗೆ ಬಂದಿದ್ದರು. "ಲಿಂಕ್ ತೆರೀತಿಲ್ಲ. ಅಣ್ಣಂಗೆ ಗೊತ್ತಾಯ್ತಾ?" ಎಂದು ಕೇಳಿದರು. ಯಾರೆಂದು ಗೊತ್ತಿಲ್ಲದೆಯೇ ತೆಗೆದರು ಎಂದೆ. ನಂಬಲಿಲ್ಲ. "ಬೀಗ ಬದಲಾಯ್ಸೋದು ಅವರಿಗೆ ಅಭ್ಯಾಸ ಬಿಡು" ಎಂದು ನಕ್ಕರು. ಆ ನಗು ನೋಡಿ ನನಗೆ ಅಳು ಬಂತು. ಗಿರಾಕಿಗಳ ಮುಂದೆಯೇ ಅತ್ತೆ.

ಆ ಲಿಂಕನ್ನು ಇನ್ನು ಬದುಕಿಸಲು ಬರುವುದಿಲ್ಲ. ಹೊಸದೊಂದನ್ನು ನಾನು ಮಾಡಿಕೊಟ್ಟೆ, ತೆಗೆದುಕೊಳ್ಳಲಿಲ್ಲ. "ನೀನು ಕೊಟ್ರೆ ಆಗಲ್ಲಮ್ಮ" ಎಂದರು. ಪಾಸ್‌ವರ್ಡ್‌ಗಳು ಇದರ ಜೊತೆ ಬೇರೆ ಹಾಳೆಯಲ್ಲಿವೆ. ನನ್ನ ಕೆಲಸ ಮುಗಿಯಿತು.

ಸೂಜಿ

ಏಪ್ರಿಲ್ ೨೪

ಮಗಳೇ,

ಕಾಗದ ಬಂತು. ಓದಿದೆ.

ಪಾಸ್‌ವರ್ಡಿನ ಹಾಳೆಯನ್ನು ವಾಪಸು ಕಳಿಸುತ್ತಿದ್ದೇನೆ. ನನಗೆ ಅದರ ತಲೆಬುಡ ತಿಳಿಯುವುದಿಲ್ಲ. ಅದು ನಿನ್ನ ಹತ್ತಿರವೇ ಇರಲಿ.

ಆ ಹೊಲಿಗೆ ಶಾಲೆ ಎಲ್ಲಿದೆ? ಸುಮ್ಮನೆ ಕೇಳುತ್ತಿದ್ದೇನೆ.

ಅಪ್ಪ

ಅಮ್ಮನ ಸಾಲು: ನಿನ್ನ ಕಾಗದ ಓದಿದವರು ಎದ್ದುಹೋಗಿ ಒಂದು ಮಿಷನ್ ಬಿಚ್ಚಿದರು. ಮತ್ತೆ ಜೋಡಿಸಿದರು. ಮತ್ತೆ ಬಿಚ್ಚಿದರು. ಅದರಲ್ಲಿ ಏನೂ ಕೆಟ್ಟಿರಲಿಲ್ಲ. ಊಟಕ್ಕೆ ಕರೆದರೆ "ಅವ್ನು ಕೇಳ್ಬೇಕಿತ್ತು ಕಣೇ, ಯಾಕೆ ಅಂತ ಒಂದು ಮಾತು ಕೇಳ್ಬೇಕಿತ್ತು" ಎಂದರು. "ನೀವು ಕೇಳಿದ್ರಾ?" ಎಂದೆ.

ಮೇ ೧

ಅಪ್ಪ,

ಬಸ್ ನಿಲ್ದಾಣದ ಹಿಂದಿನ ರಸ್ತೆ, ಗ್ರಂಥಾಲಯದ ಕಟ್ಟಡ, ಮೇಲಿನ ಮಹಡಿ. ಬೆಳಗಿನ ಹೊತ್ತು ಇರುತ್ತಾರೆ. ನೀನು ಬರುವ ವಿಷಯ ನಾನು ಅವರಿಗೆ ಹೇಳುವುದಿಲ್ಲ. ಬಾರದಿದ್ದರೆ ಅದನ್ನೂ ಹೇಳುವುದಿಲ್ಲ.

ಪಾಸ್‌ವರ್ಡ್ ಹಾಳೆ ತಲುಪಿತು. ಡ್ರಾಯರಿನಲ್ಲಿದೆ.

ಸೂಜಿ

ಮೇ ೧೩

ಸೂಜಿಗೆ,

ಹೋಗಿದ್ದೆ.

ನಿಮ್ಮಮ್ಮ ಜೊತೆಗೆ ಬಂದಳು. "ನಿಮ್ಮನ್ನ ಒಬ್ರನ್ನೇ ಕಳ್ಸಿದ್ರೆ ನಿಲ್ದಾಣದಲ್ಲಿ ಟೀ ಕುಡ್ದು ವಾಪಸ್ ಬರ್ತೀರ, ನಂಗೆ ನಂಬ್ಕೆ ಇಲ್ಲ" ಎಂದಳು. ಅವಳ ಅನುಮಾನ ನೂರಕ್ಕೆ ನೂರು ನಿಜ, ನಾನು ಹಾಗೆಯೇ ಲೆಕ್ಕ ಹಾಕಿದ್ದೆ. ಗ್ರಂಥಾಲಯದ ಮೆಟ್ಟಿಲ ಕೆಳಗೆ ಕಟ್ಟೆಯ ಮೇಲೆ ಕೂತು ಮೇಲೆ ಹೋಗಿ ಎಂದು ಕೈಸನ್ನೆ ಮಾಡಿದಳು.

ಹೊಸ ಲಿಂಕನ್ನು ನಾನೇ ಮಾಡಿಕೊಂಡಿದ್ದೆ. ಲೇಬಲ್ ಹಾಕುವ ಜಾಗಕ್ಕೆ ಬಂದಾಗ ಬಹಳ ಯೋಚಿಸಿದೆ. ಅವನ ಹೆಸರು ಹಾಕಿದರೆ ಅವನಿಗೆ ಸಂಕೋಚ, ಬೇರೇನಾದರೂ ಹಾಕಿದರೆ ನಾನು ಮತ್ತೆ ಕಾವಲು ಕೂತ ಹಾಗೆ. ಖಾಲಿ ಬಿಟ್ಟೆ. ಖಾಲಿ ಬಿಟ್ಟರೂ ಲಿಂಕ್ ಕೆಲಸ ಮಾಡುತ್ತದೆ, ಒಂದೇ ಸಲ ಒತ್ತಿ ನೋಡಿದೆ. ಗಾಬರಿಯಾಗಬೇಡ, ಮಹಡಿಯ ಮನೆಯವರ ಫೋನಿನಿಂದ ಒತ್ತಿದ್ದು.

ಮೇಲೆ ಉದ್ದನೆಯ ಕೋಣೆ. ಸಾಲಾಗಿ ಮಿಷನ್ನುಗಳು, ಎಲ್ಲವೂ ಒಟ್ಟಿಗೆ ಓಡುತ್ತಿದ್ದವು. ಶಬ್ದ ಕೇಳಿದರೇ ಗೊತ್ತಾಗುತ್ತದೆ, ಎಣ್ಣೆ ಸರಿಯಾಗಿ ಬಿದ್ದಿತ್ತು. ಬಾಬಿನ್ ಇನ್ನೂ ದಪ್ಪಗಾಗಿದ್ದಾನೆ. ನೀನು ಕೊಟ್ಟ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಹಲಗೆಯ ಮೇಲೆ ಏನೋ ಬರೆಯುತ್ತಿದ್ದವನು ನನ್ನನ್ನು ನೋಡಿ ಸೀಮೆಸುಣ್ಣ ಕೆಳಗಿಟ್ಟ. ಕಲಿಯುವವರೆಲ್ಲ ಯಾರೋ ಅಧಿಕಾರಿ ಬಂದರೆಂದು ಕಾಲು ನಿಲ್ಲಿಸಿ ಎದ್ದರು. ಅಷ್ಟೂ ಮಿಷನ್ನುಗಳು ಒಮ್ಮೆಲೇ ನಿಂತುಬಿಟ್ಟವು. ಬಸ್ಸಿನಲ್ಲಿ ನಾಲ್ಕು ಮಾತು ಜೋಡಿಸಿಕೊಂಡಿದ್ದೆ. ಅವನ್ನು ಬಿಟ್ಟು, ಲಿಂಕ್ ಬರೆದಿದ್ದ ಚೀಟಿಯನ್ನು ಜೇಬಿನಿಂದ ತೆಗೆದೆ. ಇಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಚೀಟಿಯನ್ನು ಚಾಚಿದೆ. ಓದಿದ. ಯಾಕೆ, ಏನು ಎಂದು ಕೇಳಲಿಲ್ಲ. ಕನ್ನಡಕ ಮೇಲೇರಿಸಿಕೊಂಡು ಹಲಗೆಯ ಮೂಲೆಯಲ್ಲಿ ಅದನ್ನು ಬರೆದ. ಅಕ್ಷರ ಮೊದಲಿನ ಹಾಗೆಯೇ ಇದೆ, ದುಂಡಗೆ.

"ಹೇಗೂ ಬಂದಿದ್ದೀರಿ, ಇದೊಂದ್ ಸ್ವಲ್ಪ ನೋಡಿ ಅಣ್ಣ" ಎಂದು ಮೂಲೆಯ ಮಿಷನ್ ತೋರಿಸಿದ. "ಕೆಳಗೆ ನೂಲೆಲ್ಲ ಗಂಟಾಗ್ತಿದೆ. ಬೆಳಗಿಂದ ಒದ್ದಾಡ್ತಿದ್ದೀನಿ, ಏನು ಅಂತಾನೇ ಹೊಳೀತಿಲ್ಲ."

ಕೂತೆ. ಕೆಳಗೆಲ್ಲ ಬಿಚ್ಚಿ ನೋಡಿದೆ, ಚೊಕ್ಕವಾಗಿತ್ತು. ಆಮೇಲೆ ಕಂಡಿತು, ಮೇಲಿನ ನೂಲು ಬಿಗಿ ಹಿಡಿಯುವ ತಟ್ಟೆಗಳ ನಡುವೆ ಹೋಗದೆ ಹೊರಗಿನಿಂದ ಹಾದಿತ್ತು. ಕಲಿಯಲು ಬಂದವರಿಗೆ ಮೊದಲ ದಿನವೇ ಹೇಳಿಕೊಡುವ ಸಂಗತಿ ಅದು. ಬಾಬಿನ್ ಅದನ್ನು ಕಣ್ಣು ಕಟ್ಟಿಕೊಂಡು ಸರಿಮಾಡಬಲ್ಲ, ಮಾಡಿದ್ದನ್ನು ನಾನೇ ನೋಡಿದ್ದೇನೆ. ನೂಲು ತೆಗೆದು ಸರಿಯಾಗಿ ಪೋಣಿಸಿದೆ, ಹೊಲಿಗೆ ಸಲೀಸಾಗಿ ಬಿತ್ತು. "ನೋಡಿ, ನಂಗೆ ಗೊತ್ತೇ ಆಗ್ಲಿಲ್ಲ" ಎಂದು ಅವನು ಗೋಡೆಯ ಕಡೆ ತಿರುಗಿ, ಲಿಂಕ್ ಬರೆದ ಮೂಲೆಯನ್ನು ಬಿಟ್ಟು ಹಲಗೆ ಒರೆಸತೊಡಗಿದ.

ನನಗೊಂದು ಅನುಮಾನ ಬಂತು. ಕೇಳಲಿಲ್ಲ.

ನಿನ್ನ
ಅಪ್ಪ